ಜುಲೈ ಮಳೆಯಲ್ಲಿ ಕೊಟ್ಟಿಗೆಹಾರದ ದಾರಿ

ಜುಲೈ ತಿಂಗಳಲ್ಲಿ ವಯಸ್ಸಾದ ತಾಯಿ ಹಾಗೂ ಇಬ್ಬರು ಮಕ್ಕಳೊಂದಿಗೆ ಬೆಂಗಳೂರಿನಿಂದ ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಬಳಿಯ ತೋಟದ ಹೋಂಸ್ಟೇಗೆ ಸ್ವಂತ ಕಾರಿನಲ್ಲಿ ಹೋಗಬಹುದೇ ಎಂದು ಕೇಳಿದ್ದೀರಿ. ಖಂಡಿತ ಹೋಗಬಹುದು. ನಸುಕಿನಲ್ಲೇ ಹೊರಟರೆ ಹಾಸನ, ಬೇಲೂರು ಮಾರ್ಗವಾಗಿ ಸುಮಾರು 250 ಕಿಲೋಮೀಟರ್ ಕ್ರಮಿಸಿ ಮಧ್ಯಾಹ್ನದ ಊಟದ ಹೊತ್ತಿಗೆ ಮೂಡಿಗೆರೆ ಸೇರುವಿರಿ. ಅಲ್ಲಿಂದ ಮುಂದೆ ಮಂಜು ಕವಿಯುವುದರಿಂದ ಕತ್ತಲಾಗುವ ಮೊದಲೇ ತಲುಪುವುದು ಕ್ಷೇಮ.

ಕಷ್ಟವೆಲ್ಲ ಇರುವುದು ಡಾಂಬರು ಮುಗಿದ ಮೇಲಿನ ಮಣ್ಣಿನ ದಾರಿಯಲ್ಲಿ. ಹೋಂಸ್ಟೇಯವರು ‘ಕಾರು ಬರುತ್ತದೆ’ ಎನ್ನುವುದು ಬಹುತೇಕ ಬೇಸಿಗೆಯ ಮಾತು (ಅದನ್ನು ನಂಬಿ ನಾವು ಕೆಸರಿನಲ್ಲಿ ಒಂದು ಗಂಟೆ ಕಳೆದಿದ್ದೇವೆ). ಆದ್ದರಿಂದ ಟಾರು ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸಲು ಜಾಗವಿದೆಯೇ, ಅಲ್ಲಿಗೆ ಜೀಪು ಕಳುಹಿಸುತ್ತಾರೆಯೇ ಎಂಬುದನ್ನು ಹೊರಡುವ ಮೊದಲೇ ಖಚಿತಪಡಿಸಿಕೊಂಡು, ತೋಟದೊಳಗೆ ಸಿಗ್ನಲ್ ಸಿಗದಿರಬಹುದಾದ್ದರಿಂದ ಮೂಡಿಗೆರೆಯಿಂದಲೇ ಮತ್ತೊಮ್ಮೆ ಕರೆ ಮಾಡಿರಿ. ಮರ ಬಿದ್ದು ವಿದ್ಯುತ್ ಹೋಗುವುದು ಅಲ್ಲಿ ಸಾಮಾನ್ಯ. ತಾಯಿಯವರ ಔಷಧಿ, ಟಾರ್ಚು, ಇಂಬಳಕ್ಕೆ (ಜಿಗಣೆಗೆ) ಉಪ್ಪು ಜೊತೆಗಿರಲಿ.