ಅಳಿಸಿದ 900 ಜಿ.ಬಿ. ಎಲ್ಲಿ ಹೋಯಿತು?

ಪ್ರಶ್ನೆ: ಕುಂಬಳೆ ಸೀಮೆಯ ಬಯಲಾಟ, ತಾಳಮದ್ದಳೆಗಳನ್ನು ಚಿತ್ರೀಕರಿಸಿ ಮನೆಯ ನ್ಯಾಸ್‌ ಪೆಟ್ಟಿಗೆಯಲ್ಲಿ (ಮನೆಯ ಜಾಲಕ್ಕೆ ಜೋಡಿಸಿದ ಸಂಗ್ರಹ ಸಾಧನ) ಕಾಪಿಡುವ ಹವ್ಯಾಸ ನನ್ನದು. ಅದರಲ್ಲಿರುವುದು ಜೆಡ್‌ಎಫ್‌ಎಸ್‌ ಕಡತ ವ್ಯವಸ್ಥೆ. ಪ್ರತಿ ರಾತ್ರಿಯ ಸ್ನ್ಯಾಪ್‌ಶಾಟ್‌ (ಕಡತಗಳು ಆ ಕ್ಷಣದಲ್ಲಿ ಹೇಗಿದ್ದವೆಂಬುದರ ದಾಖಲೆ) 30 ದಿನ ಉಳಿಯುತ್ತದೆ; ಇದಲ್ಲದೆ ತಿಂಗಳ 1ನೇ ತಾರೀಕಿನದು 6 ತಿಂಗಳು ಉಳಿಯುತ್ತದೆ. ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಜೂನ್‌ 3ರಂದು, ಸಂಕಲನ ಮುಗಿದ ಆಟಗಳ ಮೂಲ ವಿಡಿಯೊಗಳನ್ನು, ಸುಮಾರು 900 ಜಿ.ಬಿ.ಯಷ್ಟು, ಅಳಿಸಿದೆ. ಖಾಲಿ ಜಾಗ ಸ್ವಲ್ಪವೂ ಹೆಚ್ಚಲಿಲ್ಲ. ಸ್ನ್ಯಾಪ್‌ಶಾಟ್‌ಗಳ ಪಟ್ಟಿಯಲ್ಲಿ ಒಂದೊಂದರ ಎದುರೂ ಸೊನ್ನೆ, ಇಲ್ಲವೇ ಕೆಲವೇ ಎಂ.ಬಿ.; ಎಲ್ಲವನ್ನೂ ಕೂಡಿಸಿದರೂ 1 ಜಿ.ಬಿ. ಆಗುವುದಿಲ್ಲ. ಹಳೆಯ ಹತ್ತು ರಾತ್ರಿಗಳದ್ದನ್ನು ತೆಗೆದು ನೋಡಿದೆ, ಪ್ರಯೋಜನವಾಗಲಿಲ್ಲ. ಡಿಸ್ಕ್‌ ಕೆಟ್ಟಿದೆಯೇ?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ಡಿಸ್ಕ್‌ ಕೆಟ್ಟಿಲ್ಲ. ನೀವು ಅಳಿಸಿದ 900 ಜಿ.ಬಿ. ಇದ್ದಲ್ಲಿಯೇ ಇದೆ, ಅದರ ಲೆಕ್ಕ ಮಾತ್ರ ನೀವು ನೋಡಿದ ಪಟ್ಟಿಯಲ್ಲಿಲ್ಲ.

ಸ್ನ್ಯಾಪ್‌ಶಾಟ್‌ ಎಂದರೆ ಕಡತಗಳ ನಕಲಲ್ಲ. ಜೆಡ್‌ಎಫ್‌ಎಸ್‌ ಯಾವುದೇ ಬ್ಲಾಕಿನ (ಡಿಸ್ಕಿನಲ್ಲಿ ಕಡತವನ್ನಿಡುವ ತುಂಡಿನ) ಮೇಲೆ ತಿದ್ದಿ ಬರೆಯುವುದಿಲ್ಲ, ಹೊಸದನ್ನು ಬೇರೆ ಜಾಗದಲ್ಲಿ ಬರೆದು ಹಳೆಯದನ್ನು ಬಿಡುಗಡೆ ಮಾಡುತ್ತದೆ. ಸ್ನ್ಯಾಪ್‌ಶಾಟ್‌ ಆ ಬಿಡುಗಡೆಯನ್ನು ತಡೆದು, ತಾನು ಹುಟ್ಟಿದ ಕ್ಷಣದಲ್ಲಿ ಬಳಕೆಯಲ್ಲಿದ್ದ ಬ್ಲಾಕುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದಲೇ ಅದು ಹುಟ್ಟುವಾಗ ಬಹುತೇಕ ಜಾಗವನ್ನೇ ಕೇಳುವುದಿಲ್ಲ, ಮತ್ತು ನೀವು ಕಡತಗಳನ್ನು ತಿದ್ದುತ್ತ, ಅಳಿಸುತ್ತ ಹೋದಂತೆಲ್ಲ ದುಬಾರಿಯಾಗುತ್ತದೆ.

ಈಗ ಸೊನ್ನೆಯ ವಿಚಾರ. ಪಟ್ಟಿಯಲ್ಲಿ ಸ್ನ್ಯಾಪ್‌ಶಾಟಿನ ಎದುರು ‘ಯೂಸ್ಡ್‌’ ಎಂದು ಕಾಣುವ ಅಂಕಿಯು ಅದು ಹಿಡಿದಿಟ್ಟ ಒಟ್ಟು ಜಾಗವಲ್ಲ; ಅದೊಂದನ್ನೇ ತೆಗೆದರೆ ಮರಳಿ ಸಿಗುವ ಜಾಗ. ಮೂರು ಮನೆಗಳಿಗೆ ಜಂಟಿ ಹಕ್ಕಿರುವ ತೋಟವನ್ನು ನೆನೆದುಕೊಳ್ಳಿ. ಒಬ್ಬೊಬ್ಬರ ಸ್ವಂತ ಹೆಸರಿನಲ್ಲಿ ಏನಿದೆಯೆಂದು ಕೇಳಿದರೆ ಮೂವರದೂ ಸೊನ್ನೆಯೇ, ಆದರೆ ತೋಟವಂತೂ ಇದೆ. ಇಬ್ಬರು ಹಕ್ಕು ಬಿಟ್ಟುಕೊಟ್ಟರೂ ಅದು ಮೂರನೆಯವರದಾಗುತ್ತದೆಯೇ ಹೊರತು ಹೊರಗಿನವರ ಪಾಲಾಗುವುದಿಲ್ಲ. ನಿಮ್ಮ ಮೂಲ ವಿಡಿಯೊಗಳು ಹತ್ತಾರು ಸ್ನ್ಯಾಪ್‌ಶಾಟ್‌ಗಳ ಜಂಟಿ ಆಸ್ತಿಯಾಗಿರುವುದರಿಂದ ಯಾರೊಬ್ಬರ ಖಾತೆಯಲ್ಲಿಯೂ ಬರಲಿಲ್ಲ, ಹತ್ತನ್ನು ತೆಗೆದರೂ ಉಳಿದವುಗಳ ಹಿಡಿತ ಸಡಿಲವಾಗಲಿಲ್ಲ. ಸೋಮವಾರದ ಸ್ನ್ಯಾಪ್‌ಶಾಟ್‌ ಆದ ಮೇಲೆ ಹುಟ್ಟಿ, ಮಂಗಳವಾರದ್ದರಲ್ಲಿ ಸೇರಿ, ಬುಧವಾರದ್ದಕ್ಕೆ ಮೊದಲೇ ಅಳಿದ ಕಡತವಾಗಿದ್ದರೆ ಮಾತ್ರ ಅದರ ಪೂರ್ತಿ ಗಾತ್ರ ಮಂಗಳವಾರದ ಎದುರು ಕಾಣುತ್ತಿತ್ತು. ತೋರಿಸಬೇಕಾದ ಅಂಕಿಯನ್ನೇ ಮುಖ್ಯ ಪರದೆಯಲ್ಲಿ ತೋರಿಸದ ತಂತ್ರಾಂಶಗಳ ಮೇಲೆ ನನಗೆ ಮೊದಲಿನಿಂದಲೂ ತಕರಾರಿದೆ. ಜಂಟಿ ಲೆಕ್ಕ ಬೇಕಿದ್ದರೆ ಡೇಟಾಸೆಟ್ಟಿನ (ತನ್ನದೇ ಸ್ನ್ಯಾಪ್‌ಶಾಟ್‌ಗಳಿರುವ ಸಂಗ್ರಹ ವಿಭಾಗದ) ‘ಯೂಸ್ಡ್‌ಬೈಸ್ನ್ಯಾಪ್‌ಶಾಟ್ಸ್‌’ ಎಂಬ ಗುಣವನ್ನು ನೋಡಿ. ನಿಮ್ಮ 900 ಜಿ.ಬಿ. ಅಲ್ಲಿ ಸಿಗುತ್ತದೆ.

ಏನೂ ಮಾಡದೆ ಕಾದರೆ ಜಾಗ ಯಾವಾಗ ಬಿಡುಗಡೆಯಾದೀತು? ಜೂನ್‌ 2ರ ರಾತ್ರಿಯದು ಜುಲೈ ಮೊದಲ ವಾರದೊಳಗೆ ತಾನಾಗಿ ಹೋಗುತ್ತದೆ. ಆದರೆ ಜೂನ್‌ 1ರ ಮಾಸಿಕ ಸ್ನ್ಯಾಪ್‌ಶಾಟ್‌ 6 ತಿಂಗಳು ಕುಳಿತಿರುತ್ತದೆ. ಅಂದರೆ ಡಿಸೆಂಬರ್‌ ಆರಂಭದವರೆಗೆ, ಮೇಳಗಳ ಮುಂದಿನ ತಿರುಗಾಟ ಶುರುವಾಗಿ ನಿಮ್ಮ ಕ್ಯಾಮೆರಾ ಮತ್ತೆ ಜಾಗ ಕೇಳುವವರೆಗೆ.

ಕಾಯಲಾಗದಿದ್ದರೆ ಜೂನ್‌ 2ರವರೆಗಿನ ರಾತ್ರಿಯವು, ತಿಂಗಳಿನವು ಎಲ್ಲವನ್ನೂ ಒಟ್ಟಾಗಿ ತೆಗೆಯಬೇಕು. ‘ಡಿಸ್ಟ್ರಾಯ್‌’ ಆದೇಶಕ್ಕೆ ‘ಎನ್‌’ ಮತ್ತು ‘ವಿ’ ಆಯ್ಕೆಗಳನ್ನು ಸೇರಿಸಿ, ಮೊದಲ ಮತ್ತು ಕೊನೆಯ ಸ್ನ್ಯಾಪ್‌ಶಾಟ್‌ ಹೆಸರುಗಳ ನಡುವೆ ಶೇಕಡಾ ಚಿಹ್ನೆಯನ್ನಿಟ್ಟರೆ, ಏನನ್ನೂ ಅಳಿಸದೆ ಎಷ್ಟು ಜಾಗ ಮರಳುತ್ತದೆಂಬುದನ್ನು ಮಾತ್ರ ಅದು ಹೇಳುತ್ತದೆ. ಅಂಕಿ 900ರ ಆಸುಪಾಸಿನಲ್ಲಿದ್ದರೆ ‘ಎನ್‌’ ಬಿಟ್ಟು ಮತ್ತೊಮ್ಮೆ ಕೊಡಿ. ಈಗ ಡಿಸ್ಕಿನಲ್ಲಿ ಕಾಣುತ್ತಿರುವ ಕಡತಗಳಿಗೆ ಇದರಿಂದ ತೊಂದರೆಯಿಲ್ಲ. ಆದರೂ ಸಂಕಲಿತ ಪ್ರತಿಗಳನ್ನು ಮೊದಲು ತೆರೆದು ನೋಡಿ, ಏಕೆಂದರೆ ಮೂಲ ವಿಡಿಯೊಗಳಿಗೆ ಈಗ ಉಳಿದಿರುವ ಆಸರೆ ಆ ಸ್ನ್ಯಾಪ್‌ಶಾಟ್‌ಗಳೊಂದೇ. ಇನ್ನೊಂದು ಪೆಟ್ಟಿಗೆಗೆ ‘ಸೆಂಡ್‌’ ಮೂಲಕ ವ್ಯತ್ಯಾಸವನ್ನಷ್ಟೇ ಕಳುಹಿಸುವ ರೂಢಿಯಿದ್ದರೆ, ಎರಡೂ ಕಡೆ ಇರುವ ಕೊನೆಯ ಸ್ನ್ಯಾಪ್‌ಶಾಟನ್ನು ತೆಗೆಯುವ ಮುನ್ನ ಅದಕ್ಕೊಂದು ‘ಬುಕ್‌ಮಾರ್ಕ್‌’ ಮಾಡಿಕೊಳ್ಳಿ. ಬುಕ್‌ಮಾರ್ಕ್‌ ಹಳೆಯ ಬ್ಲಾಕುಗಳನ್ನು ಹಿಡಿದಿಡುವುದಿಲ್ಲ, ಆದರೆ ಮುಂದಿನ ಕಂತನ್ನು ಎಲ್ಲಿಂದ ಆರಂಭಿಸಬೇಕೆಂದು ಅದಕ್ಕೆ ಗೊತ್ತಿರುತ್ತದೆ.

ಮುಂದಿನ ತಿರುಗಾಟಕ್ಕೆ ಮೂಲ ವಿಡಿಯೊಗಳಿಗೆಂದೇ ಪ್ರತ್ಯೇಕ ಡೇಟಾಸೆಟ್‌ ಮಾಡಿ, ಅದಕ್ಕೆ 7 ದಿನಗಳ ಸ್ನ್ಯಾಪ್‌ಶಾಟ್‌ ಮಾತ್ರ ಇಡಿ. ಆರಂಭದಿಂದಲೇ ಅಲ್ಲಿ ತುಂಬಿಸಬೇಕು. ಒಂದು ಡೇಟಾಸೆಟ್ಟಿನಿಂದ ಇನ್ನೊಂದಕ್ಕೆ ಸಾಗಿಸುವುದೆಂದರೆ ಸಾಮಾನ್ಯವಾಗಿ ಹೊಸದಾಗಿ ಬರೆದು ಹಳೆಯದನ್ನು ಅಳಿಸಿದಂತೆ. ಹಳೆಯದನ್ನು ಸ್ನ್ಯಾಪ್‌ಶಾಟ್‌ ಹಿಡಿದುಕೊಂಡು ಅದೇ ವಿಡಿಯೊ ಎರಡು ಪಟ್ಟು ಜಾಗ ತಿನ್ನುತ್ತದೆ.

ಪ್ರಶ್ನೆ: ನಮ್ಮ ಮುದ್ರಣಾಲಯದಲ್ಲಿಯೂ ಜೆಡ್‌ಎಫ್‌ಎಸ್‌ ಪೆಟ್ಟಿಗೆಯಿದ್ದು, ರಾತ್ರಿಗೊಂದು ಸ್ನ್ಯಾಪ್‌ಶಾಟ್‌ ಆಗುತ್ತದೆ. 200 ಎಂ.ಬಿ.ಯ ಪುಟವಿನ್ಯಾಸದ ಕಡತದಲ್ಲಿ ಒಂದಕ್ಷರ ತಿದ್ದಿದರೆ ಸ್ನ್ಯಾಪ್‌ಶಾಟ್‌ ಪೂರ್ತಿ 200 ಎಂ.ಬಿ. ನುಂಗುತ್ತದೆಯೇ?
— ಓದುಗರೊಬ್ಬರು, ಮಂಜೇಶ್ವರ

ಉತ್ತರ: ಅದು ನಿಮ್ಮ ವಿನ್ಯಾಸ ತಂತ್ರಾಂಶದ ಗುಣವನ್ನು ಅವಲಂಬಿಸಿದೆ. ಜೆಡ್‌ಎಫ್‌ಎಸ್‌ ದೊಡ್ಡ ಕಡತವನ್ನು ಸಾಮಾನ್ಯವಾಗಿ 128 ಕೆ.ಬಿ.ಯ ತುಂಡುಗಳಾಗಿ ಇಡುವುದರಿಂದ, ತಂತ್ರಾಂಶವು ಕಡತದೊಳಗೇ ತಿದ್ದಿ ಬರೆಯುವುದಾದರೆ ಒಂದೆರಡು ತುಂಡುಗಳಷ್ಟೇ ಬದಲಾಗುತ್ತವೆ. ಆದರೆ ಅನೇಕ ತಂತ್ರಾಂಶಗಳು ಇಡೀ ಕಡತವನ್ನು ಬೇರೆ ಹೆಸರಿನಲ್ಲಿ ಬರೆದು, ಆಮೇಲೆ ಹಳೆಯದರ ಜಾಗದಲ್ಲಿ ಕೂರಿಸುತ್ತವೆ; ಆಗ ಹಳೆಯ 200 ಎಂ.ಬಿ. ಪೂರ್ತಿ ಉಳಿದುಕೊಳ್ಳುತ್ತದೆ. ಸಮಾಧಾನದ ಸಂಗತಿಯೆಂದರೆ, ದಿನಕ್ಕೆ ಇಪ್ಪತ್ತು ಸಲ ಉಳಿಸಿದರೂ ರಾತ್ರಿಯ ಸ್ನ್ಯಾಪ್‌ಶಾಟ್‌ ಹಿಡಿಯುವುದು ಆ ಹೊತ್ತಿಗಿದ್ದ ಒಂದು ರೂಪವನ್ನು ಮಾತ್ರ. ನಿಮ್ಮ ತಂತ್ರಾಂಶ ಯಾವ ಬಗೆಯದೆಂದು ತಿಳಿಯಲು, ಉಳಿದವರು ಕೆಲಸ ಮಾಡದ ಹೊತ್ತಿನಲ್ಲಿ ಒಂದು ಸ್ನ್ಯಾಪ್‌ಶಾಟ್‌ ತೆಗೆದು, ಒಂದಕ್ಷರ ತಿದ್ದಿ ಉಳಿಸಿ, ‘ಯೂಸ್ಡ್‌ಬೈಸ್ನ್ಯಾಪ್‌ಶಾಟ್ಸ್‌’ ಮೊತ್ತ ಎಷ್ಟು ಏರಿತೆಂದು ನೋಡಿ. ಆ ಸ್ನ್ಯಾಪ್‌ಶಾಟ್‌ ಒಂದರ ಎದುರಿನ ಅಂಕಿಯನ್ನು ನೋಡಬೇಡಿ. ಹಿಂದಿನ ರಾತ್ರಿಯದೂ ಅದೇ ಬ್ಲಾಕುಗಳನ್ನು ಹಿಡಿದಿದ್ದರೆ ಅಲ್ಲಿಯೂ ಬದಿಯಡ್ಕದವರು ಕಂಡ ಸೊನ್ನೆಯೇ ಕಾಣಿಸುತ್ತದೆ.