ಸರ್ವೈವಿಂಗ್ ಮಾರ್ಸ್: ಮಾಕ್ಸಿ ಕಮ್ಮಿ ಆಗಿದ್ದಲ್ಲ, ಟ್ಯಾಂಕ್ ಕಮ್ಮಿ ಆಗಿದ್ದು

ಬ್ರೋ, ಮಂಗಳದಲ್ಲಿ ಕಾಲೋನಿ ಕಟ್ಟೋ ಈ ಗೇಮ್‌ದು ನೀವು ಹಾಕಿರೋ ಸ್ಕ್ರೀನ್‌ಶಾಟ್ ಝೂಮ್ ಮಾಡಿ ನೋಡಿದೆ. ಡಸ್ಟ್ ಸ್ಟಾರ್ಮ್ (ಧೂಳುಗಾಳಿ) ಬಂದು ಫೌಂಡರ್ಸ್ (ಮೊದಲು ಬಂದಿಳಿದ ಜನ) ಹನ್ನೆರಡು ಜನಾನೂ ಉಸಿರುಕಟ್ಟಿ ಹೋದ್ರು, "ಇನ್ನೂ ನಾಲ್ಕು ಮಾಕ್ಸಿ ಹಾಕಬೇಕಿತ್ತಾ?" ಅಂತ ಕೇಳಿದ್ದೀರಿ. ಮಾಕ್ಸಿ ಅಂದ್ರೆ ಮಂಗಳದ ಗಾಳಿಯಿಂದ ಆಕ್ಸಿಜನ್ ಮಾಡೋ ಯಂತ್ರ. ಕೆಳಗೆ ಮೂರು ಜನ "ಹೌದು ಹಾಕಿ" ಅಂತ ಬರೆದಿದ್ದಾರೆ. ದಯವಿಟ್ಟು ಹಾಕಬೇಡಿ. ಸ್ಟಾರ್ಮ್ ಇರುವಷ್ಟು ಹೊತ್ತು ಮಾಕ್ಸಿ ಕೆಲಸಾನೇ ಮಾಡಲ್ಲ. ನಾಲ್ಕಿದ್ರೂ ಸೊನ್ನೆ, ನಲವತ್ತಿದ್ರೂ ಸೊನ್ನೆ. ಗಾಳಿಯಿಂದ ನೀರು ತೆಗೆಯೋ ಮಾಯಿಶ್ಚರ್ ವೇಪರೇಟರ್ ಪಾಡೂ ಅದೇ. ರಾಕೆಟ್ ಬೇರೆ ಇಳಿಯಲ್ಲ, ಹಾಗಾಗಿ ಭೂಮಿಯಿಂದ ತರಿಸ್ತೀನಿ ಅನ್ನೋ ಮಾತೂ ಇಲ್ಲ. ಹೊಸಬರಲ್ಲಿ ತುಂಬಾ ಜನ ಕಾಲೋನಿ ಕಳ್ಕೊಳ್ಳೋದು ಇಲ್ಲೇ, ನಾನೂ ಕಳ್ಕೊಂಡೇ ಬಂದವನು.

ಬೇಕಾಗಿರೋದು ಟ್ಯಾಂಕ್. ನಿಮ್ಮ ಫೋಟೋದಲ್ಲಿ ಒಂದೇ ಒಂದು ಆಕ್ಸಿಜನ್ ಟ್ಯಾಂಕ್ ಕಾಣ್ತಿದೆ. ಅದೂ ಜನ ವಾಸ ಮಾಡೋ ಡೋಮ್‌ನಿಂದ ಮಾರುದೂರ, ಮಾಕ್ಸಿ ಪಕ್ಕದಲ್ಲಿ. ಡೋಮ್ ಮೇಲೆ ಕ್ಲಿಕ್ ಮಾಡಿದ್ರೆ ಆಕ್ಸಿಜನ್ ಎಷ್ಟು, ನೀರು ಎಷ್ಟು ಕುಡೀತಿದೆ ಅಂತ ತೋರಿಸುತ್ತೆ. ಆ ಸಂಖ್ಯೆ ಗಂಟೆ ಲೆಕ್ಕದ್ದು, ಸೋಲ್ (ಗೇಮ್‌ನಲ್ಲಿ 24 ಗಂಟೆಯ ಮಂಗಳದ ದಿನ) ಲೆಕ್ಕದ್ದಲ್ಲ. ಇಲ್ಲೇ ತುಂಬಾ ಜನ ಎಡವೋದು. 3 ಅಂತ ತೋರಿಸಿದ್ರೆ ಒಂದು ಸೋಲ್‌ಗೆ 72, ಮೂರು ಸೋಲ್‌ಗೆ 216. ಅಷ್ಟು ತುಂಬಿರೋ ಟ್ಯಾಂಕ್ ಇದೆಯಾ? ಇಲ್ಲ ಅಂದ್ರೆ ಪ್ಯಾಸೆಂಜರ್ ರಾಕೆಟ್ ಬಟನ್ ಮುಟ್ಟಲೇಬೇಡಿ. ಕಟ್ಟೋ, ರಿಪೇರಿ ಮಾಡೋ ರೋಬೋಟ್ ಡ್ರೋನ್‌ಗಳಿಗೆ ಗಾಳಿನೂ ಬೇಡ ನೀರೂ ಬೇಡ, ಎಷ್ಟು ಸೋಲ್ ಆದ್ರೂ ಕಾಯ್ತವೆ. ಯಾಕೆ ಅವಸರ?

ಅದೇ ಫೋಟೋದಲ್ಲಿ ಇನ್ನೊಂದು ವಿಷಯ. ಮೂರು ಮಾಕ್ಸಿನೂ ಕಾಂಕ್ರೀಟ್ ಎಕ್ಸ್‌ಟ್ರಾಕ್ಟರ್ ಬೆನ್ನಿಗೇ ಇವೆ. ಎಕ್ಸ್‌ಟ್ರಾಕ್ಟರ್ ಧೂಳು ಎಬ್ಬಿಸುತ್ತೆ, ಧೂಳು ಕೂತಷ್ಟೂ ಮೇಂಟೆನೆನ್ಸ್ ಬೇಗ ಬರುತ್ತೆ. ಕಟ್ಟುವಾಗಲೇ ಧೂಳಿನ ವ್ಯಾಪ್ತಿ ನೆಲದ ಮೇಲೆ ತೋರಿಸುತ್ತೆ, ಅದರಿಂದ ಆಚೆ ಇಡಿ. ರಾಕೆಟ್ ಇಳಿಯೋ ಜಾಗದ ಸುತ್ತಲೂ ಇದೇ ಕಥೆ. ಸೋಲಾರ್ ಪ್ಯಾನೆಲ್ ಪಕ್ಕದಲ್ಲೇ ರಾಕೆಟ್ ಇಳಿಸಿದ್ದೀರಲ್ಲ, ಅದನ್ನ ನೋಡಿ ತಲೆ ಚಚ್ಚಿಕೊಂಡೆ. ವೇಪರೇಟರ್‌ಗಳನ್ನೂ ಒತ್ತೊತ್ತಾಗಿ ಸಾಲಾಗಿ ಇಟ್ಟಿದ್ದೀರಿ. ಹತ್ತಿರ ಹತ್ತಿರ ಇದ್ರೆ ಅವು ಒಂದರ ನೀರನ್ನ ಒಂದು ಕಿತ್ಕೊಳ್ತವೆ, ಉತ್ಪಾದನೆ ಇಳಿಯುತ್ತೆ. ಬಿಡಿಬಿಡಿಯಾಗಿ ಹಾಕಿ.

ಈಗ ನಾನು ಈ ಗುಂಪಲ್ಲಿ ಎಲ್ಲರ ತಲೆ ತಿನ್ನೋ ವಿಷಯ: ವಾಲ್ವ್. ಪೈಪ್ ಮೇಲೆ ವಾಲ್ವ್, ಕೇಬಲ್ ಮೇಲೆ ಸ್ವಿಚ್, ಎರಡೂ ಬಿಲ್ಡ್ ಮೆನುವಲ್ಲೇ ಇವೆ, ಯಾರೂ ಕಣ್ಣೆತ್ತಿಯೂ ನೋಡಲ್ಲ. ಪೈಪ್‌ಲೈನ್ ಉದ್ದ ಆದಷ್ಟೂ ಎಲ್ಲೋ ಒಂದು ಕಡೆ ಲೀಕ್ ಆಗೇ ಆಗುತ್ತೆ. ಇಡೀ ಲೈನ್ ಒಂದೇ ಆಗಿದ್ರೆ ಆ ಒಂದು ತೂತಿಂದ ಟ್ಯಾಂಕ್‌ಗಳೆಲ್ಲ ಖಾಲಿ. ಅಡಿಕೆ ತೋಟಕ್ಕೆ ಲೈನ್ ಎಳೆದವರಿಗೆ ಇದನ್ನ ಹೇಳೋದೇ ಬೇಡ, ಗೇಟ್‌ವಾಲ್ವ್ ಇಲ್ದೆ ಯಾರಾದ್ರೂ ಮೇನ್ ಲೈನ್ ಹಾಕ್ತಾರಾ?

ನಮ್ಮ ಭಾವಮೈದನ ಸೇವ್ ಫೈಲ್ ತೆಗೆದು ನೋಡಿದ್ದೆ. ಟ್ಯಾಂಕ್ ಬೇಕಾದಷ್ಟಿತ್ತು, ಎಲ್ಲವೂ ಭರ್ತಿ. ಸ್ಟಾರ್ಮ್ ಮಧ್ಯೆ ರಾತ್ರಿ ಹೊತ್ತಲ್ಲಿ ವೇಪರೇಟರ್ ಕಡೆಯ ಪೈಪ್ ಒಡೀತು. ಸೋಲಾರ್ ನಿಂತಿತ್ತು, ಬ್ಯಾಟರಿ ತಳ ಮುಟ್ಟಿತ್ತು, ಕರೆಂಟ್ ಇಲ್ದೆ ಡ್ರೋನ್ ಹಬ್ ಆಫ್ ಆಯ್ತು. ಹಬ್ ಆಫ್ ಆದ್ಮೇಲೆ ಡ್ರೋನ್ ಚಾರ್ಜ್ ಎಲ್ಲಿಂದ? ಲೀಕ್ ಪಕ್ಕದಲ್ಲೇ ಎರಡು ಡ್ರೋನ್ ಚಾರ್ಜ್ ಇಲ್ದೆ ಬಿದ್ದಿದ್ವು. ಬೆಳಗಾಗೋ ಹೊತ್ತಿಗೆ ಟ್ಯಾಂಕೆಲ್ಲ ಖಾಲಿ. ಡೋಮ್‌ಗೂ ಆ ಲೀಕ್‌ಗೂ ನಡುವೆ ಒಂದು ವಾಲ್ವ್ ಇದ್ದು, ಅದನ್ನ ಮುಚ್ಚಿದ್ರೆ ಏನೂ ಆಗ್ತಿರಲಿಲ್ಲ.

ಹಾಗಾಗಿ ನಾನು ಮಾಡೋದು ಹೀಗೆ. ಡೋಮ್‌ಗೆ ಅಂಟಿಕೊಂಡಂತೆ ಒಂದು ಆಕ್ಸಿಜನ್ ಟ್ಯಾಂಕ್, ಒಂದು ನೀರಿನ ಟ್ಯಾಂಕ್. ಅಲ್ಲಿಂದ ಆಚೆ ವಾಲ್ವ್, ವಾಲ್ವ್‌ನಿಂದ ಆಚೆ ಮಾಕ್ಸಿ, ವೇಪರೇಟರ್, ದೊಡ್ಡ ಸಂಗ್ರಹ. ಲೀಕ್ ನೋಟಿಫಿಕೇಶನ್ ಬಂದ ತಕ್ಷಣ ಗೇಮ್ ಪಾಝ್ ಮಾಡಿ ವಾಲ್ವ್ ಮುಚ್ಚಿ, ಆಮೇಲೆ ಹುಡುಕಿ. ರಿಪೇರಿ ಆದ್ಮೇಲೆ ತೆಗೆಯೋದು ಮರೀಬೇಡಿ, ಇಲ್ಲಾಂದ್ರೆ ಒಳಗಿನ ಟ್ಯಾಂಕ್ ಮುಗಿದು ಅದೇ ಗತಿ. ರಿಪೇರಿಗೆ ಮೆಟಲ್ ಬೇಕು, ಡೋಮ್ ಕಟ್ಟೋ ಹುರುಪಲ್ಲಿ ಕೊನೇ ಮೆಟಲ್‌ವರೆಗೂ ಬಳೀಬೇಡಿ. ಉದ್ದ ಪೈಪ್‌ಗೇ ಈ ಕಾಟ, ಹಾಗಾಗಿ ಎಲ್ಲವನ್ನೂ ಹತ್ತಿರ ಹತ್ತಿರ ಕಟ್ಟೋದೇ ವಾಸಿ. ಆದ್ರೆ ಧೂಳಿನ ವ್ಯಾಪ್ತಿ ಒಳಗೆ ಬೇಡ. ಎರಡೂ ಒಟ್ಟಿಗೆ ಸಿಗೋದು ಕಷ್ಟ, ಮ್ಯಾಪ್ ನೋಡ್ಕೊಂಡು ರಾಜಿ ಆಗಬೇಕು.

ಆರ್‌ಸಿ ಕಮಾಂಡರ್‌ನ (ಡ್ರೋನ್‌ಗಳನ್ನ ನಡೆಸೋ ಗಾಡಿ) ಡೋಮ್ ಹತ್ತಿರಾನೇ ನಿಲ್ಲಿಸಿ. ಅದರ ಡ್ರೋನ್‌ಗಳು ಅದರಲ್ಲೇ ಚಾರ್ಜ್ ಆಗ್ತವೆ, ಹಬ್ ಸತ್ತರೂ ಕೆಲಸ ನಡೆಯುತ್ತೆ. ನೀವು ಅದನ್ನ ಮ್ಯಾಪ್ ಆ ತುದಿಗೆ ಕಳಿಸಿದ್ದೀರಿ. ಡ್ರೋನ್ ಹಬ್, ಮಾಕ್ಸಿ, ಡೋಮ್ ಇವುಗಳ ಪ್ರಯಾರಿಟಿನೂ ಮೇಲಿಡಿ. ಕರೆಂಟ್ ಕಮ್ಮಿ ಆದಾಗ ಮೊದಲು ಫ್ಯಾಕ್ಟರಿ ಆರಲಿ.

ಕರೆಂಟ್ ವಿಷಯದಲ್ಲಿ ಬರೀ ಸೋಲಾರ್ ನಂಬ್ಕೊಂಡು ಕೂರೋದು ಇನ್ನೊಂದು ತಪ್ಪು. ಗಾಳಿ ಟರ್ಬೈನ್ ರಾತ್ರಿನೂ ತಿರುಗುತ್ತೆ, ಸ್ಟಾರ್ಮ್‌ನಲ್ಲೂ ತಿರುಗುತ್ತೆ, ಎತ್ತರದ ಜಾಗದಲ್ಲಿ ಇನ್ನೂ ಚೆನ್ನಾಗಿ. ಮೇಂಟೆನೆನ್ಸ್‌ಗೆ ಮೆಷಿನ್ ಪಾರ್ಟ್ಸ್ ಕೇಳುತ್ತೆ, ಅದೊಂದೇ ತಕರಾರು. ಸ್ಟರ್ಲಿಂಗ್ ಜನರೇಟರ್ ನನಗೆ ಅಚ್ಚುಮೆಚ್ಚು, ಮುಚ್ಚೇ ಇಟ್ಟಿದ್ರೆ ರಾತ್ರಿ ಹಗಲು ಅನ್ನದೆ ಓಡುತ್ತೆ. ಬೆಲೆ ಜಾಸ್ತಿ, ನಿಜ. "ಸೋಲಾರ್ ಸಾಕು ಬಿಡಿ" ಅನ್ನೋರಿಗೆ ಒಂದು ಮಾತು: ನಾಸಾದ ಆಪರ್ಚುನಿಟಿ ರೋವರ್ 2004ರಿಂದ ಓಡಾಡ್ಕೊಂಡಿದ್ದು, 2018ರ ಜೂನ್‌ನಲ್ಲಿ ಮಂಗಳವನ್ನೆಲ್ಲ ಆವರಿಸಿದ ಧೂಳುಗಾಳಿ ಬಂದಾಗ ಸುಮ್ಮನಾಗಿದ್ದು ಮತ್ತೆ ಏಳಲೇ ಇಲ್ಲ. ಗೇಮ್‌ನವರು ಇದನ್ನ ಹೆದರಿಸೋಕೆ ಇಟ್ಟಿದ್ದಲ್ಲ. ಮಾಕ್ಸಿನೂ ನಿಜವಾದ ಯಂತ್ರವೇ. ಪರ್ಸಿವಿಯರೆನ್ಸ್ ರೋವರ್‌ನಲ್ಲಿರೋದು 2021ರಿಂದ 2023ರೊಳಗೆ 16 ಸಲ ಓಡಿ ಒಟ್ಟು 122 ಗ್ರಾಂ ಆಕ್ಸಿಜನ್ ಮಾಡ್ತು. ನಮ್ಮ ಗೇಮ್ ಮಾಕ್ಸಿ ಅದರ ಮುಂದೆ ಮಹಾರಾಜ.

ಮತ್ತೆ, ಮೊದಲ ರಾಕೆಟ್ ಇನ್ನೂ ಅಲ್ಲೇ ನಿಂತಿದೆಯಲ್ಲ, ಫ್ಯುಯೆಲ್ ರಿಫೈನರಿ ಪ್ರಿಫ್ಯಾಬ್ (ಭೂಮಿಯಿಂದ ಸಿದ್ಧವಾಗಿ ಬರೋ ಕಟ್ಟಡ) ತರಲಿಲ್ವಾ? ಅದಿಲ್ದೆ ರಾಕೆಟ್ ವಾಪಸ್ ಹೋಗಲ್ಲ. ಫ್ಯುಯೆಲ್ ನೀರಿಂದ ಆಗೋದು, ಹಾಗಾಗಿ ಡೋಮ್‌ಗೆ ನೀರು ಸಾಲದೆ ಇದ್ರೆ ರಿಫೈನರಿ ಆಫ್ ಮಾಡಿ. ಕಾರ್ಗೋದಲ್ಲಿ ಕಾಂಕ್ರೀಟ್ ತಂದಿದ್ದೀರಿ ಬೇರೆ! ಅಲ್ಲೇ ನೆಲದಲ್ಲಿ ಸಿಗೋದನ್ನ ಭೂಮಿಯಿಂದ ಹೊತ್ತು ತರೋರು ಯಾರಾದ್ರೂ ಇದ್ದಾರಾ? ಆ ಜಾಗಕ್ಕೆ ಮೆಷಿನ್ ಪಾರ್ಟ್ಸ್, ಎಲೆಕ್ಟ್ರಾನಿಕ್ಸ್, ಪಾಲಿಮರ್ ತುಂಬಿ. ಇವನ್ನ ನೀವೇ ಮಾಡೋಕೆ ತುಂಬಾ ದಿನ ಹಿಡಿಯುತ್ತೆ.

ಡೋಮ್ ಜಾಗಾನೂ ಸರಿ ಇಲ್ಲ. ಸೀನರಿ ಚೆನ್ನಾಗಿದೆ, ಒಪ್ಪಿದೆ. ಆದ್ರೆ ರೇರ್ ಮೆಟಲ್ಸ್ ಎಕ್ಸ್‌ಟ್ರಾಕ್ಟರ್‌ಗೆ ಕೆಲಸಗಾರರು ಬೇಕು, ಅವರು ಡೋಮ್‌ನಿಂದ ನಡೆಯೋ ದೂರದಲ್ಲಿ ಇರಬೇಕು. ಕಾಂಕ್ರೀಟ್, ನೀರು ಎರಡಕ್ಕೆ ಮಾತ್ರ ಜನ ಬೇಡ. ರೇರ್ ಮೆಟಲ್ಸ್ ಭೂಮಿಗೆ ಕಳಿಸಿದ್ರೇನೆ ದುಡ್ಡು. ಮ್ಯಾಪ್‌ನ ಸೆಕ್ಟರ್‌ಗಳನ್ನ ಸ್ಕ್ಯಾನ್ ಮಾಡಿಸಿ, ಡೆಪಾಸಿಟ್ ನೋಡಿಕೊಂಡು ಡೋಮ್ ಇಡಿ.

ಜನರನ್ನ ಆರಿಸುವಾಗ ಫಿಲ್ಟರ್ ಹಾಕಿ, ಕೆಟ್ಟ ಗುಣಗಳನ್ನೆಲ್ಲ ಕೆಂಪು ಮಾಡಿ, ಅಂದ್ರೆ ಬೇಡ ಅಂತ ಗುರುತು ಹಾಕಿ. ಈಡಿಯಟ್ ಅನ್ನೋ ಗುಣ ಇರೋನು ಒಬ್ಬ ಬಂದ್ರೂ ಕೆಲಸ ಮಾಡೋ ಕಡೆಯೇ ಯಂತ್ರ ಕೆಡಿಸ್ತಾನೆ. ಬಾಟನಿಸ್ಟ್ ಇಬ್ಬರು, ಜಿಯಾಲಜಿಸ್ಟ್ ಮೂರ್ನಾಲ್ಕು, ಉಳಿದವರು ಸ್ಪೆಷಲೈಸೇಶನ್ ಇಲ್ದೋರಾದ್ರೂ ನಡೆಯುತ್ತೆ, ಡೈನರ್ ಮತ್ತು ಗ್ರೋಸರ್‌ಗೆ. ನೈಟ್ ಶಿಫ್ಟ್ ಎಲ್ಲಾ ಕಡೆ ಆಫ್. ಸ್ಯಾನಿಟಿ (ಮನಸ್ಸಿನ ಆರೋಗ್ಯ) ಇಳಿದ್ರೆ ಏನಾಗುತ್ತೆ ಅಂತ ನೋಡೋ ಕುತೂಹಲ ಬೇಡ.

ಸ್ಪಾನ್ಸರ್ (ಮಿಷನ್ ಕಳಿಸೋ ಸಂಸ್ಥೆ ಇಲ್ಲಾ ದೇಶ): ಮೊದಲ ಸಲ ಇಂಟರ್‌ನ್ಯಾಷನಲ್ ಮಾರ್ಸ್ ಮಿಷನ್ ತಗೊಳ್ಳಿ. ಅಭಿಮಾನಕ್ಕೆ ಭಾರತ ಆರಿಸ್ಕೊಂಡಿದ್ದೀರಿ, ಅದನ್ನ ಎರಡನೇ ಸಲಕ್ಕೆ ಇಟ್ಕೊಳ್ಳಿ. ಲ್ಯಾಂಡಿಂಗ್ ಸೈಟ್ ಆರಿಸುವಾಗ ನಾಲ್ಕು ಅಪಾಯಗಳ ಮಟ್ಟ ಪಕ್ಕದಲ್ಲೇ ಇರುತ್ತೆ, ಡಸ್ಟ್ ಸ್ಟಾರ್ಮ್ ಕಡಿಮೆ ಇರೋದು ನೋಡಿ. ಡಿಎಲ್‌ಸಿ (ಗೇಮ್‌ಗೆ ಸೇರಿಸೋ ಹೆಚ್ಚುವರಿ ಭಾಗ) ಕೇಳಿದ್ರಲ್ಲ, ಗ್ರೀನ್ ಪ್ಲಾನೆಟ್ ಚೆನ್ನಾಗಿದೆ. ಬಿಲೋ ಅಂಡ್ ಬಿಯಾಂಡ್ ನನಗೆ ಹಿಡಿಸಲಿಲ್ಲ, ಮೇಲಿನ ಡೋಮ್‌ಗೇ ಉಸಿರಿಲ್ಲ, ನೆಲದಡಿ ಯಾಕೆ?

ಹಳೇ ಸೇವ್ ಇದ್ರೆ ಸ್ಟಾರ್ಮ್‌ಗೆ ಮುಂಚಿನದ್ದು ಲೋಡ್ ಮಾಡಿ, ಟ್ಯಾಂಕ್ ಮತ್ತು ವಾಲ್ವ್ ಎರಡೇ ಹಾಕಿ ನೋಡಿ. ಜನ ಬದುಕಿ ಕಂಫರ್ಟ್ ಏರಿದ್ರೆ ಮಕ್ಕಳು ಹುಟ್ಟೋಕೆ ಶುರು ಆಗುತ್ತೆ. ಮನೆ ಖಾಲಿ ಇಲ್ದೆ ಇದ್ರೆ ಡೋಮ್ ಪ್ಯಾನೆಲ್‌ನಲ್ಲಿ ಬರ್ತ್ಸ್ ಆಫ್ ಮಾಡಿ, ಇಲ್ಲಾಂದ್ರೆ ಮುಂದಿನ ಪೋಸ್ಟ್ "ಊಟ ಸಾಲ್ತಿಲ್ಲ" ಅಂತ ಹಾಕ್ತೀರಿ.