ಗೋಲ್ಡ್‌ಫಿಶ್ ಬೆಳಗ್ಗೆ ಮೇಲೆ ಬಂದು ಬಾಯಿ ಬಿಡುತ್ತಿವೆ, ಏರ್ ಪಂಪ್ ಎಷ್ಟು ಜೋರಾಗಿ ಇಡಬೇಕು?

ಎರಡು ಅಡಿ ಟ್ಯಾಂಕ್, ನಾಲ್ಕು ಗೋಲ್ಡ್‌ಫಿಶ್, ಪಂಪ್ ಕೆಳಗಿನ ಕಪಾಟಿನಲ್ಲಿ, ಸದ್ದು ಜಾಸ್ತಿ ಅಂತ ವಾಲ್ವ್ ಅರ್ಧ ಮುಚ್ಚಿದ್ದೀರಿ. ಆದರೂ ಸದ್ದು ನಿಂತಿಲ್ಲ, ಮೀನೂ ಮೇಲೆ ಬರುತ್ತಿವೆ ಅಂತ ಬರೆದಿದ್ದೀರಿ. ನಾನೂ ವಿಜಯಪುರದವನೇ. ನಮ್ಮ ಊರಿನ ಬಿಸಿಲು, ಬೋರ್ ನೀರು, ಹೋಗಿ ಬರುವ ಕರೆಂಟು ಎಲ್ಲ ಗೊತ್ತಿದ್ದೇ ಹೇಳುತ್ತಿದ್ದೇನೆ.

ಮೊದಲು ಪಂಪ್ ಜಾಗ ಬದಲಿಸಿ. ಅದು ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಿರಬೇಕು. ಕೆಳಗಿದ್ದಾಗ ಕರೆಂಟ್ ಹೋದರೆ, ನೀರು ಪೈಪಿನೊಳಗೆ ಹಿಂದಕ್ಕೆ ಏರಿ, ಅಂಚು ದಾಟಿ ಪಂಪಿಗೆ ಇಳಿಯಬಹುದು. ಪಂಪ್ ಹಾಳಾಗುತ್ತದೆ, ಶಾಕ್ ಹೊಡೆಯುವ ಭಯವೂ ಇದೆ. ಮೇಲಿಡಲು ಜಾಗವೇ ಇಲ್ಲ ಅಂದರೆ ಚೆಕ್ ವಾಲ್ವ್ ಹಾಕಲೇಬೇಕು. ಗಾಳಿಯನ್ನು ಒಂದೇ ಕಡೆಗೆ ಬಿಡುವ ಸಣ್ಣ ಪ್ಲಾಸ್ಟಿಕ್ ತುಂಡು ಅದು, ಬೆಲೆ ಏನೂ ಇಲ್ಲ. ಹಾಕುವ ಮೊದಲು ಬಾಯಿಂದ ಊದಿ ನೋಡಿ. ಗಾಳಿ ದಾಟುವ ದಿಕ್ಕು ಪಂಪಿನಿಂದ ಟ್ಯಾಂಕಿನ ಕಡೆಗೆ ಇರಬೇಕು. ತಿರುಗಾಮುರುಗಾ ಹಾಕಿದರೆ ಒಂದು ಗುಳ್ಳೆಯೂ ಬರುವುದಿಲ್ಲ.

ಇನ್ನು ವಾಲ್ವ್ ಮುಚ್ಚಿದ ವಿಷಯ. ಪಂಪಿನ ಒಳಗೆ ರಬ್ಬರಿನ ಡಯಾಫ್ರಾಮ್ ಬಡಿಯುತ್ತಾ ಗಾಳಿ ತಳ್ಳುತ್ತದೆ. ದಾರಿ ಮುಚ್ಚಿದರೆ ಅದರ ಮೇಲೆ ಒತ್ತಡ ಬೀಳುತ್ತದೆ, ಸದ್ದು ಇನ್ನೂ ಜಾಸ್ತಿಯಾಗಬಹುದು, ರಬ್ಬರ್ ಬೇಗ ಹರಿಯುತ್ತದೆ. ಗಾಳಿ ಕಡಿಮೆ ಮಾಡಬೇಕೆಂದರೆ ಪೈಪಿಗೆ ಟೀ, ಅಂದರೆ T ಆಕಾರದ ಮೂರು ಬಾಯಿಯ ಜೋಡಣೆ, ಹಾಕಿ. ಒಂದು ಬಾಯಿ ಏರ್ ಸ್ಟೋನ್‌ಗೆ (ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ರಂಧ್ರದ ಕಲ್ಲು), ಇನ್ನೊಂದು ಬಾಯಿಗೆ ವಾಲ್ವ್ ಕೂಡಿಸಿ ಹೊರಗೆ ಬಿಡಿ. ಹೊರಗಿನ ವಾಲ್ವ್ ಎಷ್ಟು ಬಿಚ್ಚುತ್ತೀರೋ ಟ್ಯಾಂಕಿಗೆ ಅಷ್ಟು ಕಡಿಮೆ. ಸದ್ದಿಗೆ ಮದ್ದು ಬೇರೆ: ಪಂಪನ್ನು ದಪ್ಪ ಸ್ಪಂಜಿನ ಮೇಲಿಡಿ, ಗೋಡೆಗೂ ಕಪಾಟಿನ ಹಲಗೆಗೂ ತಾಗದಂತೆ ನೋಡಿಕೊಳ್ಳಿ. ಹಲಗೆಗೆ ತಾಗಿದರೆ ತಮಟೆ ಬಡಿದ ಹಾಗೆಯೇ.

ಈಗ ನಿಮ್ಮ ಪ್ರಶ್ನೆ: ಎಷ್ಟು ಜೋರು? ಗುಳ್ಳೆ ನೋಡಬೇಡಿ, ನೀರಿನ ಮೇಲ್ಮೈ ನೋಡಿ. ಗುಳ್ಳೆಗಳಿಂದ ನೇರವಾಗಿ ನೀರಿಗೆ ಸೇರುವ ಆಮ್ಲಜನಕ ಕಡಿಮೆಯೇ. ಗುಳ್ಳೆ ತಳದ ನೀರನ್ನು ಮೇಲಕ್ಕೆ ಎಳೆದು ತರುತ್ತದೆ, ಮೇಲ್ಮೈ ಅಲುಗಾಡುತ್ತದೆ, ಆಮ್ಲಜನಕ ಹೆಚ್ಚಾಗಿ ಅಲ್ಲಿಂದಲೇ ನೀರಿಗೆ ಸೇರುತ್ತದೆ. ಹಾಗಾಗಿ ಸ್ಟೋನ್ ತಳದಲ್ಲಿರಲಿ, ಮೇಲ್ಮೈಯ ನಾಲ್ಕು ಮೂಲೆಗಳಲ್ಲೂ ಸಣ್ಣ ಅಲೆ ಕಾಣಬೇಕು. ಎಲ್ಲಾದರೂ ಜಿಡ್ಡಿನ ಪೊರೆ ನಿಂತಿದ್ದರೆ ಗಾಳಿ ಸಾಲದು. ಹನಿ ಹಾರಿ ಲೈಟಿಗೆ ಬೀಳುತ್ತಿದ್ದರೆ, ಮೀನು ಮೂಲೆ ಹಿಡಿದು ಕೂತಿದ್ದರೆ ಜಾಸ್ತಿಯಾಯಿತು.

ಬೇಸಿಗೆಯಲ್ಲಿ ಮಾತ್ರ ಸ್ವಲ್ಪ ಜೋರಾಗಿಯೇ ಇಡಿ. 25 ಡಿಗ್ರಿ ನೀರು ಲೀಟರಿಗೆ 8 ಮಿಲಿಗ್ರಾಂಗಿಂತ ತುಸು ಹೆಚ್ಚು ಆಮ್ಲಜನಕ ಹಿಡಿದುಕೊಳ್ಳುತ್ತದೆ, 35 ಡಿಗ್ರಿಗೆ ಅದು 7ರ ಹತ್ತಿರ ಇಳಿಯುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ದಾಟುತ್ತದೆ, ಗೋಲ್ಡ್‌ಫಿಶ್ ನೋಡಿದರೆ ತಂಪು ನೀರಿನ ಮೀನು. ನಮಗಿಂತ ತಂಪಾದ ಬೆಳಗಾವಿಯ ಗೆಳೆಯರು ರಾತ್ರಿ ಪಂಪ್ ಬಂದ್ ಮಾಡ್ತೀವಿ ಅಂದರೆ ಅದನ್ನು ನೀವು ಅನುಸರಿಸಬೇಡಿ. ಟ್ಯಾಂಕಿನಲ್ಲಿ ಜೀವಂತ ಗಿಡ ಇದ್ದರೆ ರಾತ್ರಿ ಅವೂ ಆಮ್ಲಜನಕ ಬಳಸುತ್ತವೆ. ಬೆಳಗಿನ ಜಾವವೇ ಕಷ್ಟದ ಹೊತ್ತು ಆಗುವುದು ಅದಕ್ಕೇ. ಸಣ್ಣ ಪಂಪ್ ತಿನ್ನುವುದು ಕೆಲವೇ ವ್ಯಾಟ್. ಮನೆಯಲ್ಲಿ ಇನ್ವರ್ಟರ್ ಇದ್ದರೆ ಆ ಲೈನಿಗೇ ಹಾಕಿ.

ಗುಳ್ಳೆ ದಿನದಿಂದ ದಿನಕ್ಕೆ ಕಡಿಮೆಯಾದರೆ ಸ್ಟೋನ್ ತೆಗೆದು ಬರೀ ಪೈಪನ್ನು ನೀರಲ್ಲಿ ಬಿಟ್ಟು ನೋಡಿ. ಗಾಳಿ ಜೋರಾಗಿ ಬಂತೆಂದರೆ ಸ್ಟೋನ್ ಕಟ್ಟಿಕೊಂಡಿದೆ. ಬೋರ್ ನೀರಿನ ಸುಣ್ಣ ರಂಧ್ರಗಳಲ್ಲಿ ಕೂರುತ್ತದೆ. ರಾತ್ರಿ ವಿನೆಗರ್‌ನಲ್ಲಿ ನೆನೆಹಾಕಿ, ಚೆನ್ನಾಗಿ ತೊಳೆದು ಹಾಕಿ, ಇಲ್ಲಾ ಸುಮ್ನೆ ಹೊಸದು ತನ್ನಿ. ಬರೀ ಪೈಪಿನಲ್ಲೂ ಗಾಳಿ ಇಲ್ಲ ಅಂದರೆ ಡಯಾಫ್ರಾಮ್ ಹರಿದಿರಬಹುದು.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಎರಡು ಅಡಿ ಟ್ಯಾಂಕಿಗೆ ನಾಲ್ಕು ಗೋಲ್ಡ್‌ಫಿಶ್ ಜಾಸ್ತಿ. ಅವು ಹೊಲಸು ಮಾಡುವುದೂ ಜಾಸ್ತಿ. ಆ ಹೊಲಸಿನಿಂದ ಹುಟ್ಟುವ ವಿಷ, ಅಮೋನಿಯ, ಏರಿದರೂ ಮೀನು ಹೀಗೆಯೇ ಮೇಲೆ ಬಂದು ಬಾಯಿ ಬಿಡುತ್ತವೆ, ಅದನ್ನು ಏರ್ ಸ್ಟೋನ್ ತೆಗೆಯುವುದಿಲ್ಲ. ಅದಕ್ಕೆ ಇದೇ ಪಂಪಿಗೆ ಸ್ಪಂಜ್ ಫಿಲ್ಟರ್ ಕೂಡಿಸಿ, ಗಾಳಿಯ ಬಲದಿಂದ ನೀರನ್ನು ಸ್ಪಂಜಿನ ಮೂಲಕ ಎಳೆದು ಸೋಸುವಂಥದ್ದು. ಗಾಳಿ ಸರಿ ಮಾಡಿದ ಮೇಲೂ ಬೆಳಗ್ಗೆ ಮೇಲೆ ಬರುತ್ತಿದ್ದರೆ ಅಮೋನಿಯ ಟೆಸ್ಟ್ ಕಿಟ್ ತಂದು ನೋಡಿ. ಬಣ್ಣ ಬದಲಾದರೆ ಅವತ್ತೇ ಮೂರರಲ್ಲೊಂದು ಪಾಲು ನೀರು ಬದಲಿಸಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಔಷಧಿ ಹಾಕಿಯೇ ಸುರಿಯಿರಿ. ಮೀನಿಗೆ ಊಟ ಎರಡು ದಿನ ಬಂದ್ ಮಾಡಿ.